ತೊಟ್ಟಿಲು ಡಾಕ್ಟರ ಕೈಗುಣ

ಕೈಗುಣ ಅನ್ನುವುದು ನಿಜವೋ ಸುಳ್ಳೋ ಎಂದು ಓದಿದವರು ಬೇಕಾದರೆ ಜಗಳವಾಡಿಕೊಳ್ಳಲಿ. ಆ ಆಸ್ಪತ್ರೆಯ ಮಕ್ಕಳ ವಾರ್ಡಿನ ಮಟ್ಟಿಗೆ ಅದು ನಿಜವಾಗಿತ್ತು, ಮತ್ತು ಕಿರಿಯ ಡಾಕ್ಟರೊಬ್ಬಳ ಎಡಗೈ ಮೇಲೆ ವಾಸವಾಗಿತ್ತು. ಎಂಥ ಹಟಮಾರಿ ಕೂಸೇ ಇರಲಿ, ಅದನ್ನು ಆ ಕೈ ಮೇಲೆ ಬೋರಲಾಗಿ ಮಲಗಿಸಿಕೊಂಡು, ಬಲಗೈಯಿಂದ ಬೆನ್ನು ತಟ್ಟುತ್ತ, ಹಾಡೂ ಅಲ್ಲದ ಮಾತೂ ಅಲ್ಲದ ಒಂದು ಸದ್ದನ್ನು ಗಂಟಲಲ್ಲೇ ಎಳೆಯುತ್ತ ಅವಳು ಕಿಟಕಿಯಿಂದ ಬಾಗಿಲವರೆಗೆ ಹೋಗಿಬಂದರೆ ಸಾಕು, ಕೂಸು ತೆಪ್ಪಗಾಗುತ್ತಿತ್ತು. ಸೂಜಿ ಚುಚ್ಚುವವರು, ಔಷಧಿ ಕುಡಿಸುವವರು, ಎಕ್ಸ್‌ರೇ ತೆಗೆಯುವವರು ಎಲ್ಲರೂ ಮೊದಲು ಅವಳನ್ನೇ ಹುಡುಕುತ್ತಿದ್ದರು.

"ತೊಟ್ಟಿಲು ಎಲ್ಲಿ? ಯಾರಾದ್ರೂ ತೊಟ್ಟಿಲನ್ನ ಕರೀರಿ, ಈ ಮಹಾರಾಯ ನನ್ನ ಕಿವಿ ತೂತು ಮಾಡ್ತಿದಾನೆ," ಎಂದು ವಾರ್ಡಿನ ಹಿರಿಯ ನರ್ಸ್ ಕೂಗುತ್ತಿದ್ದಳು. ಆ ಹೆಸರಿಟ್ಟವಳೂ ಅವಳೇ. ಒಂದು ತಿಂಗಳೊಳಗೆ ಇಡೀ ಆಸ್ಪತ್ರೆಗೆ ಅವಳು ತೊಟ್ಟಿಲು ಡಾಕ್ಟರ್ ಆಗಿಬಿಟ್ಟಳು.

"ಸಿಸ್ಟರ್, ನಾನು ಓದಿ ಬಂದಿದೀನಿ. ಬರೀ ತೂಗೋಕೆ ಬಂದಿಲ್ಲ," ಎಂದು ಅವಳು ಹುಸಿಮುನಿಸು ತೋರಿಸುತ್ತಿದ್ದಳು. ಒಳಗೊಳಗೇ ಮಾತ್ರ ಹಿಗ್ಗುತ್ತಿದ್ದಳು. ಹಿಗ್ಗದೆ ಏನು ಮಾಡಿಯಾಳು ಪಾಪ. ಮಕ್ಕಳ ಡಾಕ್ಟರಾಗಲು ಓದುವವರ ಬದುಕಿನಲ್ಲಿ ಹೊಗಳಿಕೆ ಅನ್ನುವುದು ನಿದ್ದೆಗಿಂತ ಅಪರೂಪ. ತಪ್ಪು ಬರೆದರೆ ಬೈಗುಳ, ಸರಿ ಬರೆದರೆ ಇನ್ನೊಂದು ಕೆಲಸ. ಅಂಥ ಕಡೆ ತಾಯಂದಿರು ಕೈ ಹಿಡಿದು, "ನಿಮ್ಮ ಕೈಗುಣ ದೊಡ್ಡದು ತಾಯಿ," ಎಂದಾಗ ಯಾರ ತಲೆಯಾದರೂ ಒಂಚೂರು ತಿರುಗುತ್ತದೆ.

ಹೊಗಳದವರು ಒಬ್ಬರೇ. ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡ ಸಾರ್. ನಕ್ಕರೆ ಹಲ್ಲು ಸವೆಯುತ್ತದೆ ಎಂದು ನಂಬಿದವರ ಹಾಗಿದ್ದ ಸಣಕಲು ಮನುಷ್ಯ. ಅವರದೊಂದು ವಿಚಿತ್ರ ಪದ್ಧತಿ ಇತ್ತು. ಬೆಳಿಗ್ಗೆ ರೌಂಡ್ಸಿಗೆ ಬಂದವರು ನೇರ ಒಳಗೆ ಬರುತ್ತಿರಲಿಲ್ಲ. ವಾರ್ಡಿನ ಬಾಗಿಲ ಹೊರಗೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಒಳಗಿನ ಅಳುಗಳನ್ನೆಲ್ಲ ಕೇಳಿಸಿಕೊಳ್ಳುತ್ತ ನಿಲ್ಲುತ್ತಿದ್ದರು. ಯಾವುದು ಹಸಿವಿನದು, ಯಾವುದು ಸಿಟ್ಟಿನದು, ಯಾವುದು ನೋವಿನದು, ನಿನ್ನೆ ಇದ್ದ ಯಾವ ಅಳು ಇವತ್ತು ಇಲ್ಲ, ಎಲ್ಲವನ್ನೂ ಅಲ್ಲೇ ನಿಂತು ಲೆಕ್ಕ ಹಾಕುತ್ತಿದ್ದರು. ಹುಡುಗರು ಬೆನ್ನ ಹಿಂದೆ "ಸಾರ್ ರೇಡಿಯೋ ಕೇಳ್ತಿದಾರೆ" ಎಂದು ನಗುತ್ತಿದ್ದರು. ತಾವು ಕೇಳಿ ಮುಗಿಸುವವರೆಗೆ ಯಾವ ಮಗುವನ್ನೂ ಯಾರೂ ಸಮಾಧಾನ ಮಾಡಕೂಡದು ಎಂಬುದು ಅವರ ಕಟ್ಟಪ್ಪಣೆ.

ಒಂದು ಬೆಳಿಗ್ಗೆ ಅವಳು ಆ ಅಪ್ಪಣೆ ಮರೆತು, ಅಥವಾ ಮರೆತ ಹಾಗೆ ಮಾಡಿ, ಒಂದು ಕೆಮ್ಮಿನ ಕೂಸನ್ನು ಕೈ ಮೇಲೆ ಹಾಕಿಕೊಂಡಿದ್ದಳು. ಅದು ಸುಮ್ಮನಾಗಿತ್ತು. ದೊಡ್ಡ ಸಾರ್ ಒಳಗೆ ಬಂದವರೇ ಅದರ ಮುಖ ನೋಡಿ, ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡರು.

"ಇದು ನಿನ್ನ ಕೈಯಲ್ಲಿ ಮಲಗಿಲ್ಲಮ್ಮ. ಉಸಿರಾಡಿ ಉಸಿರಾಡಿ ಸುಸ್ತಾಗಿ ಬಿದ್ದಿದೆ."

ಆಕ್ಸಿಜನ್ ಬಂತು, ಓಡಾಟವಾಯಿತು, ಕೂಸು ಉಳಿಯಿತು. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಅವರು ಎಲ್ಲರೆದುರೇ ಅಂದರು: "ಮಗುವಿನ ಹತ್ರ ಇರೋದು ಒಂದೇ ಮಾತು, ಅಳು. ಅದನ್ನೂ ನೀನು ಕಸ್ಕೊಂಡ್ರೆ ನಾನು ಯಾರನ್ನ ಕೇಳ್ಲಿ? ಬಾಯಿ ಕಟ್ಟಿದ ಸಾಕ್ಷಿ ತಂದು ಎದುರಿಗೆ ನಿಲ್ಲಿಸ್ತೀಯಲ್ಲ."

ಅವಳಿಗೆ ಅವಮಾನವಾಯಿತು. ಅವಮಾನವಾದ ಕಡೆ ಪಾಠ ಹತ್ತುವುದಿಲ್ಲ; ಸಿಟ್ಟು ಹತ್ತುತ್ತದೆ. 'ಒಂದು ಸಲ ಹಾಗಾಯಿತು. ನೂರು ಸಲ ಸುಮ್ಮನಾಗಿಸಿದ್ದು ಇವರ ಕಣ್ಣಿಗೆ ಬೀಳಲಿಲ್ಲ, ಮುದುಕನಿಗೆ ಹೊಟ್ಟೆಕಿಚ್ಚು,' ಎಂದುಕೊಂಡು ಅವಳು ಆ ಮಾತನ್ನು ಕಿವಿಯಿಂದಾಚೆಗೆ ತಳ್ಳಿದಳು. ಆಗ ಅವಳ ಅಕ್ಕನಿಗೆ ತಿಂಗಳು ತುಂಬುತ್ತಿತ್ತು.

ಅಕ್ಕನ ವಿಷಯ ಹೇಳದೆ ಇವಳ ಕಥೆ ಮುಂದೆ ಹೋಗುವುದಿಲ್ಲ. ಇವಳು ಮಕ್ಕಳ ಡಾಕ್ಟರಾಗಲು ಹೊರಟದ್ದೇ ಅಕ್ಕನ ಮಾತಿನ ಮೇಲೆ. ಮೊದಲ ಡಿಗ್ರಿ ಮುಗಿದಾಗ ಮುಂದೇನು ಓದಬೇಕೆಂದು ಮನೆಯಲ್ಲಿ ಸಭೆ ಕೂತಿತ್ತು. ಅಕ್ಕನ ಗಂಡ, ಅಂದರೆ ಭಾವ, ಮನೆಯ ನಲ್ಲಿಯಿಂದ ಹಿಡಿದು ಲೋಕದ ರಾಜಕೀಯದವರೆಗೆ ಎಲ್ಲವನ್ನೂ ರಿಪೇರಿ ಮಾಡಬಲ್ಲೆ ಎಂದು ನಂಬಿದ ಒಳ್ಳೆಯ ಮನುಷ್ಯ, "ಚರ್ಮದ ಡಾಕ್ಟರ್ ಆಗಮ್ಮ," ಎಂದು ಸಲಹೆ ಕೊಟ್ಟಿದ್ದ. "ತುರಿಕೆಯಿಂದ ಯಾರೂ ಸಾಯಲ್ಲ, ಪೂರ್ತಿ ವಾಸಿನೂ ಆಗಲ್ಲ. ನೆಮ್ಮದಿಯ ಕೆಲಸ." ಎಲ್ಲರೂ ನಕ್ಕಿದ್ದರು. ಅಕ್ಕ ನಗಲಿಲ್ಲ.

"ನೀನು ಮಕ್ಕಳ ಡಾಕ್ಟರೇ ಆಗು ಕಣೇ," ಎಂದಳು. "ನನಗೆ ಮಗು ಅಂತ ಆದ್ರೆ ಅದನ್ನ ಬೇರೆ ಯಾರ ಕೈಗೂ ಕೊಡಲ್ಲ ನಾನು."

ತಾಯಿ ಬೇಗ ಹೋದ ಮನೆ ಅದು. ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅಕ್ಕನೇ. ಅವಳು ಹೇಳಿದರೆ ತಂಗಿ ಬಾವಿಗೆ ಬೇಕಾದರೂ ಹಾರುತ್ತಿದ್ದಳು. ಮಕ್ಕಳ ವಿಭಾಗಕ್ಕೆ ಹಾರುವುದೇನು ದೊಡ್ಡದು. ಅಕ್ಕನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಕೊನೆಗೂ ಒಂದು ಹೆಣ್ಣು ಕೂಸು ಹುಟ್ಟಿತು. ಪಾಪು ಎಂದೇ ಕರೆದರು, ಹೆಸರಿಡುವ ಮಾತು ಬಂದಾಗಲೆಲ್ಲ ಹೆಸರು ಸಾಲದು ಅನ್ನಿಸಿ ಮುಂದೆ ಹೋಗುತ್ತಿತ್ತು. ತಂಗಿ ಆ ಮನೆಯಲ್ಲಿ ಚಿಕ್ಕಿಯಾದಳು. ಆಸ್ಪತ್ರೆಗೆ ಹತ್ತಿರವೆಂದು ಅಕ್ಕನ ಮನೆಯ ಮಹಡಿ ಕೋಣೆಯಲ್ಲೇ ಇದ್ದಳು, ಕೊನೆಯ ಪರೀಕ್ಷೆಗೆ ಅಲ್ಲೇ ಓದುತ್ತಿದ್ದಳು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲ ಮನೆಗೂ ಸಲ್ಲುತ್ತದೆ, ಈ ಮನೆಗೆ ಸಲ್ಲಲಿಲ್ಲ. ಇಲ್ಲಿ ಹಿತ್ತಲ ಗಿಡವೊಂದೇ ಮದ್ದು. ಪಾಪುವಿಗೆ ಸೀನು ಬಂದರೆ ಚಿಕ್ಕಿ, ಹಲ್ಲು ಬಂದರೆ ಚಿಕ್ಕಿ, ಲಸಿಕೆ ಹಾಕಿಸಿದ ದಿನ ಜ್ವರ ಬಂದರೆ ಚಿಕ್ಕಿ. ಬೇರೆ ಡಾಕ್ಟರ ಬಾಗಿಲನ್ನು ಆ ಮಗು ನೋಡಿರಲೇ ಇಲ್ಲ. ಚಿಕ್ಕಿ ಆಸ್ಪತ್ರೆಯಿಂದ ಬಂದು, ಕೈ ತೊಳೆದು, ಪಾಪುವನ್ನು ಎಡಗೈ ಮೇಲೆ ಹಾಕಿಕೊಂಡರೆ ಮನೆಯ ಗದ್ದಲವೆಲ್ಲ ನಿಲ್ಲುತ್ತಿತ್ತು. ಅಕ್ಕ ಸೋಫಾದ ಮೇಲೆ ಕಾಲು ಚಾಚಿ, "ಅಬ್ಬ, ಜೀವ ಬಂತು," ಎನ್ನುತ್ತಿದ್ದಳು. ಅದನ್ನು ಕೇಳಿ ಚಿಕ್ಕಿಗೆ ತಾನು ಓದಿದ್ದೆಲ್ಲ ಸಾರ್ಥಕ ಅನ್ನಿಸುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಚಿಕ್ಕಿ ಮಹಡಿಯಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಎದುರಿನ ಗ್ಯಾರೇಜಿಗೆ ರಜೆ. ಬೀದಿಯಲ್ಲಿ ಸುತ್ತಿಗೆ ಸದ್ದಿಲ್ಲ. ಅದಕ್ಕೇ ಇರಬೇಕು, ಕೆಳಗೆ ಪಾಪು ಕಿರುಚಿದ್ದು ಗೋಡೆ ಸೀಳಿಕೊಂಡು ಬಂದಂತೆ ಕೇಳಿಸಿತು. ಒಂದು ಕ್ಷಣ ಅವಳ ಪೆನ್ನು ನಿಂತಿತು. ಅಳು ಜೋರಾಗುತ್ತ ಹೋಯಿತು, ಆಮೇಲೆ ಮೆಟ್ಟಿಲ ಮೇಲೆ ಅಕ್ಕನ ಹೆಜ್ಜೆ.

"ಹಾಲು ಕುಡೀತಿದ್ದವಳು ತಟ್ಟನೆ ಶುರು ಮಾಡಿದ್ಲು. ಕಾಲು ಹೊಟ್ಟೆಗೆ ಎಳ್ಕೋತಾಳೆ ನೋಡು."

"ಕೊಡಿಲ್ಲಿ," ಎಂದು ಚಿಕ್ಕಿ ಎದ್ದು ಎಡಗೈ ಚಾಚಿದಳು. ಬೋರಲು ಹಾಕಿಕೊಂಡಳು, ಬೆನ್ನು ತಟ್ಟಿದಳು, ಗಂಟಲ ಸದ್ದು ತೆಗೆದಳು. ಕೋಣೆಯಲ್ಲಿ ಒಂದು ಸುತ್ತು ಮುಗಿಯುವ ಮೊದಲೇ ಪಾಪು ಸುಮ್ಮನಾಯಿತು. ಕೆನ್ನೆ ಅವಳ ಮಣಿಕಟ್ಟಿಗೆ ಒತ್ತಿಕೊಂಡು ಕಣ್ಣು ಮುಚ್ಚಿತು.

"ಗಾಳಿ ತುಂಬ್ಕೊಂಡಿರುತ್ತೆ ಅಕ್ಕ, ಅಷ್ಟೇ."

ಅಕ್ಕ ಮಗುವನ್ನು ಇಳಿಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಿರುಚಾಟ, ಮತ್ತೆ ಮೆಟ್ಟಿಲು, ಮತ್ತೆ ಎಡಗೈ, ಮತ್ತೆ ಮೌನ. ಮಾತು ಬೆಳ್ಳಿ ಮೌನ ಬಂಗಾರ ಎಂದು ಯಾರು ಹೇಳಿದರೋ, ಅವರು ಮಕ್ಕಳ ಡಾಕ್ಟರಂತೂ ಆಗಿರಲಿಲ್ಲ. ಮೂರನೆಯ ಸಲ ಪಾಪು ಕುಡಿದದ್ದನ್ನೆಲ್ಲ ಕಕ್ಕಿತು. ಆಗ ಚಿಕ್ಕಿ ಮಗುವನ್ನು ಕೆಳಗೆ ತಂದು ಹಾಸಿಗೆ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದಳು. ಮೆತ್ತಗಿತ್ತು. ಇನ್ನಷ್ಟು ಆಳಕ್ಕೆ ಒತ್ತಿ ನೋಡಬೇಕಿತ್ತು. ಒತ್ತಿದರೆ ಏಳುತ್ತದೆ, ಎದ್ದರೆ ಅಳುತ್ತದೆ ಎಂದು ಬಿಟ್ಟಳು. ವಾರ್ಡಿನಲ್ಲಾಗಿದ್ದರೆ ಬಿಡುತ್ತಿರಲಿಲ್ಲ. ಮನೆಯಲ್ಲಿ, ಅಕ್ಕನ ಎದುರು, ಸಮಾಧಾನವಾಗಿ ಮಲಗಿದ ಕೂಸನ್ನು ಎಬ್ಬಿಸಿ ಅಳಿಸಲು ಅವಳ ಕೈ ಬರಲಿಲ್ಲ.

"ಈ ಅಳು ಬೇರೆ ಥರ ಇದೆ ಕಣೇ," ಎಂದಳು ಅಕ್ಕ. "ಹಸಿವಿಂದಲ್ಲ, ಹಟದ್ದೂ ಅಲ್ಲ. ನನಗ್ಯಾಕೋ ಎದೆ ಹೊಡ್ಕೋತಿದೆ. ಆಸ್ಪತ್ರೆಗೆ ಹೋಗಿ ಬರೋಣ್ವಾ?"

"ಆಸ್ಪತ್ರೆ ಅಂದ್ರೆ ನಾನೇ ಅಲ್ವೇನೇ ಅಕ್ಕ? ಭಾನುವಾರ ಅಲ್ಲಿ ಇರೋರು ನನಗಿಂತ ಚಿಕ್ಕೋರು. ಅವರೂ ಕೊನೆಗೆ ನನಗೇ ಫೋನ್ ಮಾಡ್ತಾರೆ."

ಚಿಕ್ಕಿ ಹಾಗೆಂದು ನಕ್ಕಳು, ಭಾವನೂ ನಕ್ಕ. ಅಕ್ಕನ ಅತ್ತೆ, ಬಟ್ಟೆ ಮಡಿಸುತ್ತ ಕೂತಿದ್ದ ಹಿರಿಯರು, "ಹೋದ ವಾರ ನೆಗಡಿ ಆಗಿತ್ತಲ್ಲ, ಅದರದ್ದೇ ಕಾಟ," ಎಂದು ತೀರ್ಪು ಕೊಟ್ಟರು. ಅಕ್ಕನೂ ನಗಲು ನೋಡಿದಳು. ಆದರೆ ಮಗುವನ್ನು ಎತ್ತಿಕೊಳ್ಳುವಾಗ ಅವಳು ಅದರ ತುಟಿಯನ್ನೇ ನೋಡುತ್ತಿದ್ದಳು. ತುಟಿ ಬಿಳಿಚಿತ್ತು. ಚಿಕ್ಕಿ ಗಾಳಿಗೆ ಕೊಡುವ ಹನಿ ಔಷಧಿ ಕೊಟ್ಟು ಮೇಲೆ ಹೋದಳು.

ಇಂಥದೇ ಮಗುವಿನ ವಿಷಯ ಪರೀಕ್ಷೆಯಲ್ಲಿ ಕೇಳಿದ್ದರೆ ಅವಳು ನಿದ್ದೆಗಣ್ಣಲ್ಲೂ ಉತ್ತರ ಬರೆಯುತ್ತಿದ್ದಳು. ಎಂಟು ತಿಂಗಳ ಕೂಸು, ಬಿಟ್ಟುಬಿಟ್ಟು ಬರುವ ಕಿರುಚಾಟ, ನಡುವೆ ಸುಸ್ತಾದ ಮೌನ, ವಾಂತಿ, ಬಿಳಿಚಿದ ಮುಖ. ಪ್ರಶ್ನೆಪತ್ರಿಕೆಯಲ್ಲಿ ಅವು ಒಂದೇ ಸಾಲಿನಲ್ಲಿ ಬರುತ್ತವೆ. ಮನೆಯಲ್ಲಿ ಒಂದೊಂದೂ ಒಂದೊಂದು ಸಲ ಮೆಟ್ಟಿಲು ಹತ್ತಿ ಬಂತು, ಮತ್ತು ಪ್ರತಿ ಸಲವೂ ಅವಳ ಕೈ ಮೇಲೆ ಮಲಗಿ ಅವಳನ್ನೇ ಹೊಗಳಿ ಇಳಿದುಹೋಯಿತು. ಆ ಬೆಳಿಗ್ಗೆಯಿಡೀ ಅವಳು ಓದಿದ್ದು ಬೇರೆಯವರ ಮಕ್ಕಳ ರೋಗಗಳನ್ನು.

ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಕಿರುಚಾಟಗಳು ಹತ್ತಿರ ಹತ್ತಿರ ಬರತೊಡಗಿದವು. ಅವುಗಳ ನಡುವೆ ಪಾಪು ಆಟಿಕೆ ಕೊಟ್ಟರೂ ಹಿಡಿಯಲಿಲ್ಲ, ಪಾಪೂ ಎಂದು ಕರೆದರೂ ತಿರುಗಲಿಲ್ಲ. "ನೋಡಿ, ಎಷ್ಟು ಸಾಧು ಆಗಿದಾಳೆ," ಎಂದರು ಅತ್ತೆ. ಅಕ್ಕ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಂಚದ ತುದಿಯಲ್ಲಿ ಕೂತೇ ಇದ್ದಳು.

ಇನ್ನೊಂದು ಕಿರುಚಾಟ ಎದ್ದಾಗ ಚಿಕ್ಕಿ ತಾನೇ ಕೆಳಗಿಳಿದು ಬಂದಳು. ಕೋಣೆಯ ಹೊಸ್ತಿಲಲ್ಲಿ ನಿಂತು ಎರಡೂ ಕೈ ಚಾಚಿದಳು. ಮಂಚ ಇನ್ನೂ ದೂರವಿತ್ತು. ಅಷ್ಟರಲ್ಲಿ ಅಳು ನಿಂತಿತು. ಒತ್ತಿ ಹಿಡಿದ ಹಾರ್ನಿನ ಗುಂಡಿ ಬಿಟ್ಟ ಹಾಗೆ ತಟ್ಟನೆ ನಿಂತಿತು. ಪಾಪುವಿನ ತಲೆ ಅಕ್ಕನ ತೋಳ ಮೇಲೆ ಹಿಂದಕ್ಕೆ ವಾಲಿತು, ಕಣ್ಣು ಅರ್ಧ ತೆರೆದೇ ಇತ್ತು.

"ನೋಡಿದ್ಯಾ!" ಎಂದು ಭಾವ ಚಪ್ಪಾಳೆ ತಟ್ಟಿದ. "ಈಗ ಮುಟ್ಟೋದೂ ಬೇಕಿಲ್ಲ. ಚಿಕ್ಕಿ ಮುಖ ನೋಡಿದ್ರೇ ಸಾಕು!"

ಚಿಕ್ಕಿ ಚಾಚಿದ ಕೈ ಹಾಗೇ ನಿಂತಿತು. ಅವಳು ಮುಟ್ಟಿರಲಿಲ್ಲ. ಗಂಟಲಿನ ಸದ್ದೂ ತೆಗೆದಿರಲಿಲ್ಲ. ಈ ಮೌನ ಅವಳದಲ್ಲ. ಹಾಗಾದರೆ ಬೆಳಿಗ್ಗೆಯಿಂದ ಬಂದ ಒಂದೊಂದು ಮೌನವೂ ಅವಳದಲ್ಲ. ಓಡಿ ಹೋಗಿ ಪಾಪುವಿನ ಡೈಪರ್ ಬಿಚ್ಚಿದಳು. ಒಳಗೆ ಮಲವಿರಲಿಲ್ಲ. ರಕ್ತ ಬೆರೆತ, ಹಣ್ಣಿನ ಜಾಮಿನಂಥ ಕೆಂಪು ಲೋಳೆ ಇತ್ತು.

"ಭಾವ, ಗಾಡಿ ತೆಗೀರಿ," ಎಂದಳು. ಅವಳ ದನಿ ಕೇಳಿ ಭಾವನ ನಗು ಮುಖದ ಮೇಲೇ ಸತ್ತುಹೋಯಿತು.

ಆಸ್ಪತ್ರೆಗೆ ದೊಡ್ಡ ಸಾರ್ ಮನೆಯ ಚಪ್ಪಲಿಯಲ್ಲೇ ಓಡಿ ಬಂದರು. ಪಾಪುವನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿದರು. ಹೊಟ್ಟೆ ಈಗ ಮೆತ್ತಗಿರಲಿಲ್ಲ. ಒತ್ತಿದರೂ ಮಗು ಅಳಲಿಲ್ಲ.

"ಯಾವಾಗಿಂದ?"

"ಬೆಳಿಗ್ಗೆಯಿಂದ ಸಾರ್."

"ಬೆಳಿಗ್ಗೆ ಯಾರು ನೋಡಿದ್ರು?"

"ನಾನೇ."

ಅವರು ತಲೆ ಎತ್ತಿ ಅವಳನ್ನು ಒಂದು ಸಲ ನೋಡಿ, ಮತ್ತೆ ಮಗುವಿನ ಕಡೆ ಬಗ್ಗಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಮನುಷ್ಯ ಇಡೀ ದಿನ ಬೈಯುತ್ತಿದ್ದವರು, ಆ ದಿನ ಮಾತ್ರ ಅದನ್ನೂ ಕೊಡಲಿಲ್ಲ.

ಅಂಗಿ ಬಿಚ್ಚುವಾಗ ತೋಳು ಒಳಗೊಳಗೇ ಮಡಚಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ ಪಾಪುವಿನ ಕರುಳು ತನ್ನೊಳಗೇ ತಾನು ತೂರಿಕೊಂಡಿತ್ತು. ಹಾಗೆ ಸಿಕ್ಕಿದ ಕರುಳು ಹಿಂಡಿದಾಗ ಮಗು ಕಿರುಚುತ್ತದೆ, ಹಿಂಡುವುದು ನಿಂತಾಗ ಸುಮ್ಮನಾಗುತ್ತದೆ. ಯಾರು ಎತ್ತಿಕೊಂಡರೂ ಅಷ್ಟೇ, ಎತ್ತಿಕೊಳ್ಳದಿದ್ದರೂ ಅಷ್ಟೇ. ಬೆಳಿಗ್ಗೆ ಬಂದಿದ್ದರೆ ಗುದದ ಮೂಲಕ ಗಾಳಿ ಒತ್ತಿಯೇ ಬಿಡಿಸಬಹುದಿತ್ತು, ಸಂಜೆಗೆ ಮಗು ನಗುತ್ತಿತ್ತು. ಈಗ ಸಿಕ್ಕಿಕೊಂಡ ಭಾಗ ಕಪ್ಪಾಗಿತ್ತು. ಸರ್ಜನ್ ಅದನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಜೋಡಿಸಿ ಹೊಲಿದರು. "ಹೊಲಿಗೆ ಹಿಡೀಬೇಕು. ಹಿಡಿಯೋವರೆಗೂ ನಾನೇನೂ ಹೇಳಲ್ಲ," ಎಂದರು.

ಇನ್ನು ಕೇಳಿ ವಿಪರೀತ. ಮನೆಯವರೆಲ್ಲ ಚಿಕ್ಕಿಯನ್ನು ತಲೆ ಮೇಲೆ ಹೊತ್ತುಕೊಂಡರು. ಭಾವ ಫೋನಿನಲ್ಲಿ ಬಂಧುಗಳಿಗೆಲ್ಲ ಒಂದೇ ಕಥೆ ಹೇಳಿದ: "ಮನೇಲಿ ಡಾಕ್ಟರ್ ಇದ್ದಿದ್ದಕ್ಕೆ ಮಗು ಉಳೀತು. ದೂರದಿಂದ ನೋಡಿ ಹೇಳಿಬಿಟ್ಲು, ಮುಟ್ಟಲೂ ಇಲ್ಲ!" ಅತ್ತೆ ಅವಳ ಕೈಯನ್ನು ಕಣ್ಣಿಗೊತ್ತಿಕೊಂಡರು. ಹಿರಿಯ ನರ್ಸ್ ಕೂಡ ಬೆನ್ನು ಚಪ್ಪರಿಸಿದಳು. ಚಿಕ್ಕಿ ಬಾಯಿಗೆ ಬೀಗ ಹಾಕಿಕೊಂಡು ಎಲ್ಲವನ್ನೂ ನುಂಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡಾದರೂ ಮೇಲು. ಇವಳನ್ನು ಯಾರೂ ಕಳ್ಳಿ ಅನ್ನಲಿಲ್ಲ. ಕದ್ದದ್ದಕ್ಕೆ ಹಾರ ಹಾಕುತ್ತಿದ್ದರು. ದೊಡ್ಡ ಸಾರ್ ಯಾರಿಗೂ ಏನೂ ಹೇಳಿರಲಿಲ್ಲ. ಹೇಳುವ ಕೆಲಸ ಅವಳದೆಂದು ಬಿಟ್ಟಿದ್ದರು.

ಅವಳಿಗೆ ಎರಡು ಭಯ ಒಟ್ಟಿಗೆ ಹತ್ತಿದವು. ಪಾಪುವಿನ ಹೊಲಿಗೆ ಬಿಟ್ಟರೆ ಎಂಬುದೊಂದು. ಅಕ್ಕನಿಗೆ ಗೊತ್ತಾದರೆ ಎಂಬುದು ಇನ್ನೊಂದು. ಯಾವುದು ಹೆಚ್ಚು ಎಂದು ತನ್ನನ್ನೇ ಕೇಳಿಕೊಳ್ಳಲು ಅವಳಿಗೆ ನಾಚಿಕೆಯಾಗುತ್ತಿತ್ತು. ವಾರ್ಡಿನಲ್ಲಿ ಯಾವುದಾದರೂ ಮಗು ಅಳುವುದು ನಿಂತರೆ ಅವಳ ಕತ್ತಿನ ಹಿಂಭಾಗ ಬೆವರುತ್ತಿತ್ತು. "ತೊಟ್ಟಿಲು ಎಲ್ಲಿ?" ಎಂದು ಯಾರಾದರೂ ಕೂಗಿದರೆ ಔಷಧಿ ಕೋಣೆಯೊಳಗೆ ಹೋಗಿ ನಿಲ್ಲುತ್ತಿದ್ದಳು.

ಕೆಲವು ದಿನ ಹೀಗೇ ಕಳೆದು, ಒಂದು ಮಧ್ಯಾಹ್ನ ಭಾವ ಮತ್ತು ಅತ್ತೆ ಊಟಕ್ಕೆ ಹೋಗಿದ್ದಾಗ, ಅವಳು ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಪಾಪು ಮೂಗಿನಲ್ಲಿ ಕೊಳವೆ ಹಾಕಿಕೊಂಡು ಮಲಗಿತ್ತು. ಅಕ್ಕ ಹಾಸಿಗೆಯ ಕಂಬಿ ಹಿಡಿದುಕೊಂಡೇ ಇದ್ದಳು.

"ಅಕ್ಕ, ನಾನು ಉಳಿಸ್ಲಿಲ್ಲ," ಎಂದಳು. "ನೀನು ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಅಂದ್ಯಲ್ಲ, ಆಗ್ಲೇ ಬಂದಿದ್ರೆ ಹೊಟ್ಟೆ ಕೊಯ್ಯೋದೇ ಬೇಕಿರ್ಲಿಲ್ಲ. ನಾನು ತಡ ಮಾಡ್ದೆ. ನನ್ನ ಕೈಯಿಂದ ಸುಮ್ನಾಗ್ತಿದಾಳೆ ಅಂದ್ಕೊಂಡೆ."

ಅಕ್ಕ ತಿರುಗಲಿಲ್ಲ.

"ಗೊತ್ತು."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಬೆಳಿಗ್ಗೇನೇ ನನಗೆ ಗೊತ್ತಿತ್ತು, ಏನೋ ಕೆಟ್ಟದ್ದಾಗ್ತಿದೆ ಅಂತ. ಎತ್ಕೊಂಡು ಓಡೋಣ ಅನ್ನಿಸ್ತು. ಚಪ್ಪಲೀನೂ ಹಾಕ್ಕೊಂಡಿದ್ದೆ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತಂಗಿಯನ್ನು ಹೆದರಿಸಿತು. "ನೀನು ನಕ್ಕೆ. ಓದಿದವಳು ನಗ್ತಿದಾಳೆ, ನಾನೇನು ದಡ್ಡಿ ಥರ ಆಡೋದು ಅಂತ ಚಪ್ಪಲಿ ಬಿಚ್ಚಿ ಒಳಗೆ ಬಂದೆ. ಪಾಪು ನಿನ್ನಿಂದ ಸುಮ್ನಾಗ್ಲಿಲ್ಲ ಕಣೇ. ನಿನ್ನಿಂದ ಸುಮ್ನಾಗಿದ್ದು ನಾನು."

ಚಿಕ್ಕಿಗೆ ಅಳು ಉಕ್ಕಿ ಬಂತು, ಅಳುವ ಹಕ್ಕು ತನಗಿಲ್ಲ ಅನ್ನಿಸಿತು. ಅಕ್ಕ ಆಗ ಬಗ್ಗಿ ಪಾಪುವಿನ ಹಣೆ ಮುಟ್ಟಿದಳು. ಮುಟ್ಟಿದ ಕೈಯನ್ನು ಅಲ್ಲೇ ಇಟ್ಟಳು.

"ಇವಳ ಬಣ್ಣ ನನಗೆ ಸರಿ ಕಾಣ್ತಿಲ್ಲ."

ತಂಗಿ ನೋಡಿದಳು. ಮುಖ ಸ್ವಲ್ಪ ಬೂದು. ಉಸಿರು ಸ್ವಲ್ಪ ಬಿರುಸು. ಬೆಳಿಗ್ಗೆ ರೌಂಡ್ಸಿನಲ್ಲಿ ಎಲ್ಲ ಸರಿಯಿತ್ತು. ಮಾತು ಅಭ್ಯಾಸದಂತೆ ತುಟಿಗೆ ಬಂದೇ ಬಿಟ್ಟಿತು: "ಆಪರೇಷನ್ ಆದ್ಮೇಲೆ ಒಂದೊಂದ್ಸಲ ಹೀಗೆ..."

ಅಕ್ಕ ತಿರುಗಿ ನೋಡಿದಳು. ತಂಗಿ ಮಾತನ್ನು ಅರ್ಧದಲ್ಲೇ ಬಿಟ್ಟು ಎದ್ದಳು, ಸ್ಟೂಲು ಹಿಂದಕ್ಕೆ ಬಿದ್ದರೂ ಎತ್ತಲಿಲ್ಲ. ವಾರ್ಡಿನ ಉದ್ದಕ್ಕೂ ಓಡಿದಳು. ಡಾಕ್ಟರರು ಓಡಬಾರದು, ಓಡಿದರೆ ಜನ ಹೆದರುತ್ತಾರೆ ಎಂದು ಅವಳಿಗೆ ಕಲಿಸಿದ್ದರು. ಜನ ಹೆದರಿದರು.

ದೊಡ್ಡ ಸಾರ್ ಬಂದು ಹೊಟ್ಟೆಯ ಮೇಲೆ ಅಂಗೈಯಿಟ್ಟು, "ಸರ್ಜನ್‌ನ ಕರೀರಿ, ಈಗಲೇ," ಎಂದರು. ಒಳಗಿನ ಹೊಲಿಗೆ ಸೋರುತ್ತಿತ್ತು. ಮತ್ತೆ ತಳ್ಳುಗಾಡಿ, ಮತ್ತೆ ಆ ಉದ್ದನೆಯ ಹಾದಿ. ಗಾಡಿಯ ಪಕ್ಕ ನಡೆಯುತ್ತ ಅವರು ಕೇಳಿದರು: "ಹೊಟ್ಟೆ ಇನ್ನೂ ಪೂರ್ತಿ ಬಿಗಿದಿಲ್ಲ. ಇಷ್ಟು ಬೇಗ ಯಾರು ಗಮನಿಸಿದ್ರು? ನೀನಾ?"

"ಅಲ್ಲ ಸಾರ್. ಅವಳ ತಾಯಿ."

ಅವರು ತಲೆಯಾಡಿಸಿದರು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು.

ಮಗು ಉಳಿಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಓದುವವರ ಜೀವ ಹಿಂಡುವುದು ಪುಣ್ಯದ ಕೆಲಸವಲ್ಲ. ತೊಟ್ಟಿಲು ಡಾಕ್ಟರ್ ಆ ಸಲದ ಪರೀಕ್ಷೆ ಬಿಟ್ಟು, ಮುಂದಿನ ಸಲ ಬರೆದು, ಮಕ್ಕಳ ಡಾಕ್ಟರೂ ಆದಳು. ಆದರೆ ಬಾಗಿಲ ಎದುರಿನ ಬೆಂಚಿನ ಮೇಲೆ ಕೂತಿದ್ದ ಅಕ್ಕತಂಗಿಯರಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಮುಚ್ಚಿದ ಬಾಗಿಲು ಮಾತ್ರ.

ಸ್ವಲ್ಪ ಹೊತ್ತು ಅಕ್ಕ ನೆಟ್ಟಗೆ ಕೂತಿದ್ದಳು. ಆಮೇಲೆ ಅವಳ ಒಳಗಿಂದ ಒಂದು ಸದ್ದು ಬಂತು. ಮೊದಲು ಕೆಮ್ಮಿನಂತಿತ್ತು, ನೋಡನೋಡುತ್ತ ಅವಳು ಬಾಯ್ಬಿಟ್ಟು, ಎದೆ ಹಿಡಿದು, ನಾಲ್ಕು ಜನ ನೋಡುತ್ತಾರೆ ಎಂಬ ಲಜ್ಜೆಯಿಲ್ಲದೆ ಅಳತೊಡಗಿದಳು. ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಒಬ್ಬ ನರ್ಸ್ ಹತ್ತಿರ ಬಂದು, "ಸಮಾಧಾನ ಮಾಡಿ ಡಾಕ್ಟ್ರೇ," ಎಂದು ತಂಗಿಯ ಕಿವಿಯಲ್ಲಿ ಹೇಳಿದಳು.

ತಂಗಿಯ ಕೈ ಅಕ್ಕನ ಬೆನ್ನಿನ ಕಡೆ ಎದ್ದಿತ್ತು. ಅವಳು ಅದನ್ನು ಮಡಿಲಿಗೆ ಇಳಿಸಿ, ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಅಕ್ಕನ ಕಡೆ ಸರಿದು ಕೂತು, ಸುಮ್ಮನಿರು ಅನ್ನದೆ, ಆ ಅಳುವನ್ನೆಲ್ಲ ಕೇಳಿಸಿಕೊಂಡಳು.